ಒಂದೇ ವಾದನದ ಎರಡು ತಟ್ಟೆಗಳು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಭಾನುವಾರಗಳಂದು ನೆರೆಯುವ ಹಳೆಯ ಸಾಮಾನುಗಳ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಗೂ ಹೊಲಿಗೆ ಯಂತ್ರದ ಬಿಡಿಭಾಗಗಳಿಗೂ ನಡುವೆ, ನಮಗೊಂದು ಗ್ರಾಮೊಫೋನ್ ತಟ್ಟೆ ದೊರಕಿತು. ಅದು ಹನ್ನೆರಡು ಅಂಗುಲ ವ್ಯಾಸದ, ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆ. 1930ರ ದಶಕದಲ್ಲಿ ಅಮೆರಿಕದ ದೊಡ್ಡ ಜಾಝ್ ವಾದ್ಯವೃಂದಗಳು ನುಡಿಸಿದ್ದನ್ನು ಆಯ್ದು 1960ರ ದಶಕದಲ್ಲಿ ಮರುಮುದ್ರಿಸಿದ್ದರು. ರಟ್ಟಿನ ಹೊದಿಕೆಯ ನೆತ್ತಿಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಸ್ಟೀರಿಯೋ’ ಎಂಬ ಮಾತು ಇದ್ದಿತು. ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಯಲ್ಲಿ ಹರಡಿದುದು 1958ರಿಂದ ಈಚೆಗೆ. ಅದಕ್ಕೆ ಇಪ್ಪತ್ತು ವರ್ಷ ಹಿಂದೆ ನುಡಿಸಿದ ಸಂಗೀತ ಸ್ಟೀರಿಯೋ ಆಗುವುದು ಹೇಗೆ? ಭೌತಶಾಸ್ತ್ರವನ್ನು ಬೋಧಿಸುವವರಾದ ನಮಗೆ ಈ ಸಂಶಯ ಆ ಕ್ಷಣವೇ ಹುಟ್ಟಬೇಕಾಗಿತ್ತು. ಹುಟ್ಟಲಿಲ್ಲ. ಹಣ ಕೊಟ್ಟು ಮನೆಗೆ ತಂದೆವು.

ಮುಳ್ಳನ್ನು ಇಟ್ಟು ಕೇಳಿದಾಗ ಒಂದು ವಿಚಿತ್ರ ಕಂಡಿತು. ಪಿಯಾನೋ ವಾದಕನು ಮಂದ್ರದಲ್ಲಿ ನುಡಿಸುತ್ತಿರುವಾಗ ಎಡಗೋಡೆಯ ಬಳಿ ಇರುವನು. ತಾರಕ್ಕೆ ಏರಿದಂತೆಲ್ಲ ವಾದ್ಯಸಮೇತನಾಗಿ ಕೋಣೆಯನ್ನು ದಾಟಿ ಬಲಗೋಡೆಯನ್ನು ಸೇರುವನು! ಎಂಟು ಜನ ಹೊರಬೇಕಾದ ವಾದ್ಯ ಹೀಗೆ ಅತ್ತಿತ್ತ ಓಡಾಡುವುದು ಹೇಗೆಂದು ವಿಚಾರಮಾಡಿದಾಗ ಗುಟ್ಟು ತಿಳಿಯಿತು. ಮೂಲದಲ್ಲಿ ಇದ್ದುದು ಒಂದೇ ಧ್ವನಿಧಾರೆ. ಅದರಲ್ಲಿನ ತಗ್ಗಿನ ಸ್ವರಗಳನ್ನು ಸೋಸಿ ಒಂದು ಧ್ವನಿವರ್ಧಕಕ್ಕೂ, ಹೆಚ್ಚಿನ ಸ್ವರಗಳನ್ನು ಸೋಸಿ ಇನ್ನೊಂದಕ್ಕೂ ಕಳುಹಿಸಿ, ಅದನ್ನೇ ಸ್ಟೀರಿಯೋ ಎಂದು ಕರೆದಿದ್ದರು. ಆ ಕಾಲದಲ್ಲಿ ಹಲವು ಕಂಪೆನಿಗಳು ಹಳೆಯ ವಾದನಗಳನ್ನು ಈ ರೀತಿ ‘ಹೊಸದು’ ಮಾಡಿ ಮಾರಿದವು.

ಈ ಹುಸಿಯ ಜಾಡನ್ನು ಹಿಡಿದು ಓದುತ್ತ ಹೋದ ನಮಗೆ, ಅದೇ ಕಾಲದ ಅದೇ ಸಂಗೀತದಲ್ಲಿ ಹುಸಿಯಲ್ಲದ ಸ್ಟೀರಿಯೋ ಒಂದು ನಿಜವಾಗಿಯೂ ಉಂಟೆಂಬ ಸಂಗತಿ ಎದುರಾಯಿತು. ಅದು 1932ರದು, ಐವತ್ತು ವರ್ಷ ಯಾರ ಕಿವಿಗೂ ಬೀಳದೆ ಇದ್ದದ್ದು. ಅದನ್ನು ತಿಳಿಯಬೇಕಾದರೆ ಮೊದಲು ಆ ಸಂಗೀತವನ್ನೂ ಅದನ್ನು ಹಿಡಿದಿಟ್ಟ ತಟ್ಟೆಯನ್ನೂ ಕೊಂಚ ಪರಿಚಯ ಮಾಡಿಕೊಳ್ಳಬೇಕು.

ಜಾಝ್ ಸಂಗೀತವು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕರಿಯ ಜನರ ನಡುವೆ ರೂಪುಗೊಂಡಿತು. ಆಗ ಐದಾರು ಮಂದಿ ಸೇರಿ ನುಡಿಸುತ್ತಿದ್ದರು. 1920ರ ದಶಕದಲ್ಲಿ ನ್ಯೂಯಾರ್ಕಿನ ಫ್ಲೆಚರ್ ಹೆಂಡರ್ಸನ್ ಮತ್ತು ಅವರ ಸಂಗಡಿಗ ಡಾನ್ ರೆಡ್‌ಮನ್ ವಾದಕರ ಸಂಖ್ಯೆಯನ್ನು ಹೆಚ್ಚಿಸಿ, ಅವರನ್ನು ಪಂಗಡಗಳಾಗಿ ವಿಂಗಡಿಸಿದರು: ಟ್ರಂಪೆಟ್ ಟ್ರಾಂಬೋನುಗಳ ಹಿತ್ತಾಳೆ ವಾದ್ಯಗಳದೊಂದು, ಸ್ಯಾಕ್ಸೊಫೋನ್ ಕ್ಲಾರಿನೆಟ್ಟುಗಳದೊಂದು, ಲಯವನ್ನು ಹೊತ್ತು ನಡೆಯುವ ಪಿಯಾನೋ, ಗಿಟಾರ್, ದೊಡ್ಡ ತಂತಿವಾದ್ಯ, ಡ್ರಮ್ಮುಗಳದೊಂದು. ಒಂದು ಪಂಗಡ ಪ್ರಶ್ನೆ ಕೇಳಿದಂತೆ ನುಡಿಸಿದರೆ ಇನ್ನೊಂದು ಉತ್ತರ ಕೊಡುವುದು. ನಡುವೆ ಒಬ್ಬ ವಾದಕ ಎದ್ದು ನಿಂತು, ಬರೆದದ್ದನ್ನು ಬಿಟ್ಟು, ತನ್ನ ಮನೋಧರ್ಮಕ್ಕೆ ತಕ್ಕಂತೆ ನುಡಿಸುವನು. ನಮ್ಮ ಕಚೇರಿಗಳಲ್ಲಿ ಕಲ್ಪನಾಸ್ವರ ಕೇಳಿ ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. 1935ರ ಆಗಸ್ಟ್ 21ರಂದು ಲಾಸ್ ಏಂಜಲಿಸ್ ನಗರದ ಪ್ಯಾಲೊಮಾರ್ ಎಂಬ ನೃತ್ಯಶಾಲೆಯಲ್ಲಿ ಬೆನ್ನಿ ಗುಡ್‌ಮನ್ನರ ವೃಂದಕ್ಕೆ ತರುಣರು ಹುಚ್ಚೆದ್ದು ಕುಣಿದ ಮೇಲೆ ಈ ಸಂಗೀತ ದೇಶವನ್ನೇ ಆವರಿಸಿತು. ಅಂದು ನುಡಿಸಿದವುಗಳಲ್ಲಿ ಹಲವನ್ನು ಅಳವಡಿಸಿಕೊಟ್ಟವರು ಹೆಂಡರ್ಸನ್ನರೇ. ಹೆಸರು ಮಾತ್ರ ಗುಡ್‌ಮನ್ನರದಾಯಿತು.

ನಮ್ಮ ಕಥೆಯ ನಾಯಕರು ಡ್ಯೂಕ್ ಎಲಿಂಗ್ಟನ್. 1899ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ ಇವರು 1927ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಾಟನ್ ಕ್ಲಬ್ಬಿನಲ್ಲಿ ನುಡಿಸತೊಡಗಿದರು. ಹಾರ್ಲೆಮ್ ಕರಿಯರ ಬಡಾವಣೆ. ವೇದಿಕೆಯ ಮೇಲಿದ್ದವರೂ ಕರಿಯರು. ಆದರೆ ಪ್ರೇಕ್ಷಕರ ಕುರ್ಚಿಗಳು ಬಿಳಿಯರಿಗೆ ಮೀಸಲು. ಪಕ್ಕದ ಬೀದಿಯಲ್ಲಿ ವಾಸಿಸುವವನಿಗೂ ಆ ವೃಂದವನ್ನು ಕೇಳಲು ಇದ್ದ ದಾರಿ ರೇಡಿಯೋ ಇಲ್ಲವೆ ತಟ್ಟೆ. ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಸಂಚಾರ ಹೋದಾಗ ಹೋಟೆಲುಗಳಲ್ಲಿ ಜಾಗ ಸಿಗಲಾರದೆಂದು ಈ ವೃಂದವು ತನಗೇ ಗೊತ್ತುಮಾಡಿಕೊಂಡ ರೈಲುಡಬ್ಬಿಗಳಲ್ಲಿ ಮಲಗುತ್ತಿದ್ದಿತು. ಇಂತಹ ಸಂಗೀತಕ್ಕೆ ತಟ್ಟೆಯೆಂಬುದು ಕೇವಲ ನೆನಪಿನ ವಸ್ತುವಾಗಿರಲಿಲ್ಲ.

ಆ ಕಾಲದ ತಟ್ಟೆಯನ್ನು ಮಾಡುತ್ತಿದ್ದುದು ಅರಗಿನಿಂದ. ಚನ್ನಪಟ್ಟಣದ ಬಣ್ಣದ ಬೊಂಬೆಗಳಿಗೆ ಮೆರುಗು ಕೊಡುತ್ತದಲ್ಲವೆ, ಅದೇ ಅರಗು. ಮುತ್ತುಗ, ಜಾಲ ಮೊದಲಾದ ಮರಗಳ ರೆಂಬೆಗಳ ಮೇಲೆ ಒಂದು ಬಗೆಯ ಸಣ್ಣ ಕೀಟಗಳು ಇದನ್ನು ಸ್ರವಿಸುತ್ತವೆ. ಪ್ರಪಂಚಕ್ಕೆ ಬೇಕಾದ ಅರಗಿನ ಬಹುಭಾಗ ಆಗ ಹೋಗುತ್ತಿದ್ದುದು ನಮ್ಮ ದೇಶದಿಂದ, ಅದರಲ್ಲಿಯೂ ಛೋಟಾ ನಾಗಪುರದ ಕಾಡುಗಳಿಂದ. ಅರಗನ್ನು ಕಲ್ಲಿನ ನುಣುಪುಡಿ, ಕಾಡಿಗೆ, ಹತ್ತಿಯ ಎಳೆಗಳೊಡನೆ ಬೆರೆಸಿ, ಬಿಸಿಮಾಡಿ ಒತ್ತಿದರೆ ತಟ್ಟೆಯಾಗುವುದು. ಕಲ್ಲಿನ ಪುಡಿ ಬೆರೆಸಿದುದು ಭಾರವಾದ ಉಕ್ಕಿನ ಮುಳ್ಳಿನ ಸವೆತವನ್ನು ತಡೆಯಲೆಂದು. ಹಳೆಯ ತಟ್ಟೆಗಳು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಗುಟ್ಟುವುದಕ್ಕೆ ಕಾರಣವೂ ಆ ಪುಡಿಯೇ. ವಿನೈಲಿನಲ್ಲಿ ಈ ಪುಡಿ ಇಲ್ಲ. ಆದುದರಿಂದ ಅದು ಮೌನವಾಗಿರುತ್ತದೆ.

ಹತ್ತು ಅಂಗುಲದ ಅರಗಿನ ತಟ್ಟೆಯಲ್ಲಿ ಎಷ್ಟು ಹೊತ್ತಿನ ಸಂಗೀತ ಹಿಡಿಸೀತು? ವಾಚಕರು ತಾವೇ ಲೆಕ್ಕ ಹಾಕಬಹುದು. ಗೆರೆಗಳು ತುಂಬಿರುವ ಪಟ್ಟಿಯ ಅಗಲ ಸುಮಾರು ಎರಡೂವರೆ ಅಂಗುಲ. ಅಂಗುಲವೊಂದಕ್ಕೆ 96 ಗೆರೆಗಳಿದ್ದರೆ ಒಟ್ಟು 240 ಸುತ್ತುಗಳಾದವು. ನಿಮಿಷಕ್ಕೆ 78 ಸುತ್ತು ತಿರುಗಿದರೆ ಮೂರು ನಿಮಿಷ ಕೆಲವು ಸೆಕೆಂಡುಗಳಲ್ಲಿ ಮುಳ್ಳು ಒಳಗಿನ ಅಂಚನ್ನು ಮುಟ್ಟುವುದು. ಜಾಝ್ ಕೃತಿಗಳು ಅಷ್ಟೊಂದು ಮೂರು ನಿಮಿಷದಲ್ಲಿ ಮುಗಿಯುವುದಕ್ಕೆ ಕಾರಣ ರಸಿಕರ ಅವಸರವಲ್ಲ, ಈ ಭಾಗಾಕಾರ! ನೃತ್ಯಶಾಲೆಯಲ್ಲಿ ಹತ್ತು ನಿಮಿಷ ಬೆಳೆಸುತ್ತಿದ್ದುದನ್ನು ತಟ್ಟೆಗಾಗಿ ಮೂರಕ್ಕೆ ಇಳಿಸಬೇಕಾಗಿತ್ತು. ಒಬ್ಬೊಬ್ಬನ ಮನೋಧರ್ಮಕ್ಕೆ ಕಾಲು ನಿಮಿಷ, ಅರ್ಧ ನಿಮಿಷ. ಈ ಇಕ್ಕಟ್ಟಿನಿಂದ ಸಂಗೀತಕ್ಕೆ ನಷ್ಟವಾಯಿತೆಂದು ಹೇಳುವವರಿದ್ದಾರೆ. ನಾವು ಅಷ್ಟು ಖಚಿತವಾಗಿ ಹೇಳಲಾರೆವು. ಎಲಿಂಗ್ಟನ್ನರಂಥವರು ಮೂರು ನಿಮಿಷದಲ್ಲಿ ವಚನಕಾರರಂತೆ ಬಿಗಿಯಾಗಿ ಹೇಳುವುದನ್ನು ಕಲಿತರು.

ಅರಗಿನ ತಟ್ಟೆಗಳ ಗತಿ ಮುಂದೆ ದುಃಖಕರವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅರಗು ಯುದ್ಧಸಾಮಗ್ರಿಗೆ ಬೇಕಾಗಿ, 1942ರಲ್ಲಿ ಅಮೆರಿಕದ ಸರಕಾರ ತಟ್ಟೆಗಳಿಗೆ ಬಳಸುವ ಅರಗನ್ನು ನೂರಕ್ಕೆ 70ರಷ್ಟು ಕಡಿತಮಾಡಿತು. ಹಳೆಯ ತಟ್ಟೆಗಳನ್ನು ತಂದುಕೊಟ್ಟರೆ ಅವನ್ನು ಪುಡಿಮಾಡಿ ಹೊಸದನ್ನು ಒತ್ತುವ ಏರ್ಪಾಡು ನಡೆಯಿತು. ‘ಮನೆಯಲ್ಲಿ ಇದರದೇ ಇನ್ನೊಂದು ಪ್ರತಿ ಇದೆ’ ಎಂದು ಎಷ್ಟು ಮಂದಿ ಎರಡನೆಯದನ್ನು ಕೊಟ್ಟರೋ! ಅದೇ ವರ್ಷದ ಆಗಸ್ಟಿನಲ್ಲಿ ವಾದಕರ ಸಂಘವು ಕಂಪೆನಿಗಳ ಮೇಲೆ ಮುಷ್ಕರ ಹೂಡಿದುದರಿಂದ ದೊಡ್ಡ ಕಂಪೆನಿಗಳಲ್ಲಿ 1944ರ ನವೆಂಬರಿನವರೆಗೆ ವಾದ್ಯವೃಂದಗಳ ಮುದ್ರಣ ನಿಂತಿತು. ಈ ಬರಗಾಲದಲ್ಲಿ ಸೈನಿಕರಿಗಾಗಿ 1943ರಿಂದ ಕಳುಹಿಸಿದ ‘ವಿ-ಡಿಸ್ಕ್’ ಎಂಬ ತಟ್ಟೆಗಳಿಗೆ ಸಂಘವು ಅನುಮತಿ ಕೊಟ್ಟಿತು. ಅರಗಿನ ತಟ್ಟೆ ಸಾಗಣೆಯಲ್ಲಿ ಒಡೆಯುವುದರಿಂದ ಇವುಗಳಲ್ಲಿ ಬಹುಪಾಲು ವಿನೈಲಿನವು. ಸಂಗ್ರಾಹಕರು ಅವನ್ನು ಈಗಲೂ ಹುಡುಕುತ್ತಾರೆ.

ಇನ್ನು ಶಬ್ದವು ತಟ್ಟೆಯನ್ನು ಸೇರುವ ಬಗೆ. 1925ಕ್ಕಿಂತ ಮೊದಲು ವಾದಕರು ಒಂದು ದೊಡ್ಡ ಕಹಳೆಯ ಬಾಯಿಯ ಮುಂದೆ ಒತ್ತೊತ್ತಾಗಿ ನಿಂತು ನುಡಿಸುತ್ತಿದ್ದರು. ಅವರ ಉಸಿರಿನ ಬಲವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಡ್ರಮ್ಮಿನ ಗಟ್ಟಿ ಹೊಡೆತಕ್ಕೆ ಮುಳ್ಳು ನೆಗೆಯುವುದರಿಂದ ಡ್ರಮ್ಮಿಗೆ ಪ್ರವೇಶ ಕಡಮೆ. ದೊಡ್ಡ ತಂತಿವಾದ್ಯದ ಮೆಲುದನಿ ಕಹಳೆಗೆ ಕೇಳದ್ದರಿಂದ ಅದರ ಜಾಗದಲ್ಲಿ ಊದುವ ಟ್ಯೂಬಾ. ಅಂತೂ ಆ ಕಾಲದ ತಟ್ಟೆಯಿಂದ ವೃಂದದ ನಿಜರೂಪವನ್ನು ಊಹಿಸುವುದು ಅಪಾಯಕರ. 1925ರಲ್ಲಿ ಮೈಕ್ರೊಫೋನ್ ಮತ್ತು ವಿದ್ಯುತ್ ವರ್ಧಕ ಬಂದವು. ಸೆಕೆಂಡಿಗೆ ಸುಮಾರು 2,500 ಕಂಪನಗಳವರೆಗೆ ಮಾತ್ರ ಮುಟ್ಟುತ್ತಿದ್ದ ತಟ್ಟೆ 5,000ವನ್ನು ಮುಟ್ಟಿತು. ಎಲಿಂಗ್ಟನ್ನರು ಮೈಕ್ರೊಫೋನನ್ನೇ ಒಂದು ವಾದ್ಯದಂತೆ ಬಳಸಿದರು. 1930ರಲ್ಲಿ ರಚಿಸಿದ ‘ಮೂಡ್ ಇಂಡಿಗೊ’ದಲ್ಲಿ ಟ್ರಂಪೆಟ್ ಮೇಲೆ, ಟ್ರಾಂಬೋನ್ ಅದರ ಕೆಳಗೆ, ಸಾಮಾನ್ಯವಾಗಿ ಎತ್ತರದಲ್ಲಿ ಹಾಡುವ ಕ್ಲಾರಿನೆಟ್ ತೀರ ತಳದಲ್ಲಿ ಇವೆ. ಈ ಮೂರೂ ಮೈಕ್ರೊಫೋನಿನಲ್ಲಿ ಕೂಡಿದಾಗ ಯಾರೂ ನುಡಿಸದ ನಾಲ್ಕನೆಯ ಸ್ವರವೊಂದು ಕೇಳಿದಂತಾಗುವುದೆಂದು ಅವರು ಹೇಳುತ್ತಿದ್ದರು.

ಆದರೆ ಮೈಕ್ರೊಫೋನು ಎಷ್ಟೇ ಸೂಕ್ಷ್ಮವಾಗಲಿ, ಒಂದೇ ಇದ್ದರೆ ಅದು ಒಂಟಿಗಿವಿಯ ಶ್ರೋತೃ. ನಮಗೆ ಎರಡು ಕಿವಿಗಳುಂಟು. ಎಡಗಡೆಯಿಂದ ಬರುವ ಶಬ್ದ ಎಡಗಿವಿಯನ್ನು ಮುಟ್ಟಿದ ಮೇಲೆ ಬಲಗಿವಿಯನ್ನು ಮುಟ್ಟಲು ಸುಮಾರು 20 ಸೆಂಟಿಮೀಟರ್ ಹೆಚ್ಚು ದೂರ ಸಾಗಬೇಕು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. ಹಾಗಾದರೆ ಬಲಗಿವಿಗೆ ಆಗುವ ತಡ ಸೆಕೆಂಡಿನ ಹತ್ತುಸಾವಿರದಲ್ಲಿ ಆರು ಪಾಲು. ಇಷ್ಟು ಅಲ್ಪವಾದ ಅಂತರವನ್ನು ಮಿದುಳು ಅಳೆದು ದಿಕ್ಕನ್ನು ನಿರ್ಣಯಿಸುತ್ತದೆ. ಅಲ್ಲದೆ ಹೆಚ್ಚಿನ ಸ್ವರಗಳಿಗೆ ತಲೆಯೇ ಅಡ್ಡಗೋಡೆಯಾಗಿ ದೂರದ ಕಿವಿಗೆ ಅವು ಮೆಲ್ಲಗೆ ಕೇಳುತ್ತವೆ. ಒಂದೇ ಮೈಕ್ರೊಫೋನಿನ ತಟ್ಟೆಯಲ್ಲಿ ಈ ಎರಡು ಸುಳಿವುಗಳೂ ಇರುವುದಿಲ್ಲ. ಹತ್ತು ಹನ್ನೆರಡು ಮಂದಿ ಅರ್ಧಚಂದ್ರಾಕಾರವಾಗಿ ಕುಳಿತು ನುಡಿಸಿದ್ದು, ಒಂದು ಕಿಟಕಿಯ ಸಂದಿಯಿಂದ ಹೊರಬಂದಂತೆ ಕೇಳಿಸುತ್ತದೆ. ಕಳೆದುಹೋದ ದಿಕ್ಕನ್ನು ಸೋಸುವುದರಿಂದ ಮರಳಿ ಪಡೆಯಲಾಗದು. ನಾವು ಕೊಂಡ ತಟ್ಟೆಯ ಪಿಯಾನೋ ಓಡಾಡಿದ್ದು ಅದಕ್ಕಾಗಿಯೇ.

ಈಗ 1932ಕ್ಕೆ ಬರೋಣ. ಅದರ ಹಿಂದಿನ ವರ್ಷ ವಿಕ್ಟರ್ ಕಂಪೆನಿಯು ನಿಮಿಷಕ್ಕೆ 33⅓ ಸುತ್ತಿನ, ಹೆಚ್ಚು ಹೊತ್ತು ನುಡಿಯುವ ತಟ್ಟೆಗಳನ್ನು ಹೊರತಂದಿತ್ತು. ಅವುಗಳಲ್ಲಿ ಅನೇಕವನ್ನು ವಿನೈಲಿನ ಜಾತಿಯ ಹೊಸ ವಸ್ತುವಿನಿಂದ ಮಾಡಿದ್ದರು. ಆರ್ಥಿಕ ಮುಗ್ಗಟ್ಟಿನ ದಿನಗಳು. ಹೊಸ ಯಂತ್ರ ಕೊಳ್ಳುವವರಿಲ್ಲದೆ ಆ ಪ್ರಯತ್ನ ಬೇಗ ನೆಲಕಚ್ಚಿತು. ಆದರೆ ಅಷ್ಟರೊಳಗೆ, 1932ರ ಫೆಬ್ರವರಿ 3ರಂದು ಎಲಿಂಗ್ಟನ್ನರ ವೃಂದವು ‘ಮೂಡ್ ಇಂಡಿಗೊ’ವನ್ನೂ ಇನ್ನೆರಡು ಕೃತಿಗಳನ್ನೂ ಹೆಣೆದು ಏಳು ನಿಮಿಷಕ್ಕೂ ಹೆಚ್ಚು ಕಾಲ ಎಡೆಬಿಡದೆ ನುಡಿಸಿತು. ಫೆಬ್ರವರಿ 9ರಂದು ಅಂತಹದೇ ಇನ್ನೊಂದು ಹೆಣಿಗೆಯಾಯಿತು.

ಅಂದು ಕೆಲಸಮಾಡಿದ್ದು ಎರಡು ಕೊರೆಯುವ ಯಂತ್ರಗಳು. ಮೇಣ ಕೆಟ್ಟುಹೋದರೆ ಇರಲೆಂದು ಎರಡನೆಯ ಯಂತ್ರವನ್ನು ಓಡಿಸುವ ವಾಡಿಕೆ ಇದ್ದಿತು. ವಿಶೇಷವೇನೆಂದರೆ, ಆ ದಿನಗಳಲ್ಲಿ ಎರಡು ಯಂತ್ರಗಳಿಗೂ ಬೇರೆ ಬೇರೆ ಮೈಕ್ರೊಫೋನುಗಳಿಂದ ಶಬ್ದ ಹರಿಯಿತು. ಇದು ಎಂಜಿನಿಯರರ ಬೇಕೆಂದು ಮಾಡಿದ ಪ್ರಯೋಗವೆ, ಇಲ್ಲವೆ ಬರಿಯ ಮುನ್ನೆಚ್ಚರಿಕೆಯೆ ಎಂಬ ಬಗ್ಗೆ ಬಲ್ಲವರಲ್ಲಿ ಏಕಾಭಿಪ್ರಾಯವಿಲ್ಲ. ಇಂಗ್ಲೆಂಡಿನಲ್ಲಿ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರು ಸ್ಟೀರಿಯೋ ವಿಧಾನಕ್ಕಾಗಿ ಹಕ್ಕುಪತ್ರದ ಅರ್ಜಿ ಹಾಕಿದುದು ಇದಕ್ಕೆ ಎರಡು ತಿಂಗಳ ಹಿಂದೆ, 1931ರ ಡಿಸೆಂಬರಿನಲ್ಲಿ. ಏನೇ ಆಗಲಿ, ಎರಡು ಮೇಣಗಳಿಂದಲೂ ತಟ್ಟೆಗಳು ಹೊರಬಂದವು. ಎರಡಕ್ಕೂ ಒಂದೇ ಚೀಟಿ. ಚೀಟಿಯ ಬಳಿಯ ಖಾಲಿ ಜಾಗದಲ್ಲಿ ಒತ್ತಿದ ಸಣ್ಣ ಅಂಕಿ ಮಾತ್ರ ಬೇರೆ.

ಈ ಅಂಕಿಯ ಮಹತ್ತ್ವ ಸಂಗ್ರಾಹಕರಿಗೆ ಗೊತ್ತು. ಒಂದೇ ಕೃತಿಯನ್ನು ಎರಡು ಮೂರು ಸಲ ನುಡಿಸಿ ಒಳ್ಳೆಯದನ್ನು ಆರಿಸುವುದು ರೂಢಿಯಾದ್ದರಿಂದ, ಅಂಕಿ ಬೇರೆಯಾದರೆ ವಾದನವೂ ಬೇರೆ ಎಂದು ಅವರ ಲೆಕ್ಕ. ಜಾಝಿನಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಮನೋಧರ್ಮದ ಭಾಗವನ್ನು ಯಾವ ವಾದಕನೂ ಎರಡನೆಯ ಸಲ ಕೂದಲೆಳೆಯಷ್ಟೂ ಭೇದವಿಲ್ಲದಂತೆ ನುಡಿಸಲಾರನು. 1980ರ ದಶಕದಲ್ಲಿ ಬ್ರ್ಯಾಡ್ ಕೇ ಮತ್ತು ಸ್ಟೀವನ್ ಲಾಸ್ಕರ್ ಎಂಬ ಇಬ್ಬರು ಅಮೆರಿಕನ್ ಸಂಗ್ರಾಹಕರು ಈ ತಟ್ಟೆಯ ಎರಡು ಪ್ರತಿಗಳನ್ನು ಹೋಲಿಸಿದಾಗ ಈ ಲೆಕ್ಕ ತಪ್ಪಿತು. ಅಂಕಿ ಬೇರೆ, ಆದರೆ ಪ್ರತಿಯೊಂದು ಸ್ವರವೂ, ಪ್ರತಿಯೊಂದು ಉಸಿರೂ ಅದೇ. ಬದಲಾಗಿದ್ದುದು ವಾದ್ಯಗಳ ದೂರ ಮಾತ್ರ: ಒಂದರಲ್ಲಿ ಹತ್ತಿರವಿದ್ದುದು ಇನ್ನೊಂದರಲ್ಲಿ ಹಿಂದೆ ಸರಿದಿತ್ತು. ಒಂದೇ ವಾದನವನ್ನು ಎರಡು ಕಡೆಯಿಂದ ಕೇಳಿದ್ದೆಂದು ಆಗ ಅವರಿಗೆ ಹೊಳೆಯಿತು. ಒಂದು ತಟ್ಟೆ ಎಡಗಿವಿ, ಇನ್ನೊಂದು ಬಲಗಿವಿ!

ಹಾಗಾದರೆ ಎರಡನ್ನೂ ಒಟ್ಟಿಗೆ ತಿರುಗಿಸಿಬಿಟ್ಟರೆ ಸಾಲದೆ? ಸಾಲದು. ಕೊರೆದ ಎರಡು ಯಂತ್ರಗಳ ವೇಗದಲ್ಲಿ ಸಾವಿರಕ್ಕೆ ಒಂದು ಪಾಲು ಭೇದವಿದ್ದಿತೆಂದು ಇಟ್ಟುಕೊಳ್ಳೋಣ. ಏಳು ನಿಮಿಷವೆಂದರೆ 420 ಸೆಕೆಂಡು. ಕೊನೆಗೆ ಒಂದು ತಟ್ಟೆ ಇನ್ನೊಂದಕ್ಕಿಂತ 0.42 ಸೆಕೆಂಡು ಹಿಂದೆ ಬೀಳುವುದು. ಅಷ್ಟರಲ್ಲಿ ಶಬ್ದ ಸುಮಾರು 140 ಮೀಟರ್ ಹೋಗಿರುತ್ತದೆ. ವೃಂದದ ಎಡಭಾಗವನ್ನು ಎಬ್ಬಿಸಿ ಬೀದಿಯ ಆ ತುದಿಯಲ್ಲಿ ಕೂರಿಸಿದ ಹಾಗಾಯಿತು. ಇದೂ ಅಲ್ಲದೆ ತಟ್ಟೆಯ ತೂತು ನಡುವಿನಿಂದ ಅರ್ಧ ಮಿಲಿಮೀಟರ್ ಸರಿದಿದ್ದರೂ, 10 ಸೆಂಟಿಮೀಟರ್ ತ್ರಿಜ್ಯದಲ್ಲಿ ಗೆರೆಯ ವೇಗ ಪ್ರತಿ 1.8 ಸೆಕೆಂಡಿಗೊಮ್ಮೆ ನೂರಕ್ಕೆ ಅರ್ಧದಷ್ಟು ಏರಿ ಇಳಿಯುತ್ತದೆ. ಇದರಿಂದ ಆಗುವ ಹೊತ್ತಿನ ತಪ್ಪು ಸೆಕೆಂಡಿನ ಸಾವಿರದಲ್ಲಿ ಒಂದನ್ನು ಮೀರುತ್ತದೆ. ಕಿವಿಗಳ ನಡುವಣ ಅಂತರಕ್ಕಿಂತ ಇದು ಹೆಚ್ಚು. ಆದುದರಿಂದ ಎರಡು ಧಾರೆಗಳ ವೇಗವನ್ನು ಉದ್ದಕ್ಕೂ ತಿದ್ದುತ್ತ ಹೊಂದಿಸಬೇಕಾಯಿತು. ಹೊಂದಿದ ಮೇಲೆ ಎರಡು ದಿನಗಳ ವಾದನಗಳೂ ಒಂದು ವಿನೈಲ್ ತಟ್ಟೆಯಾಗಿ 1985ರಲ್ಲಿ ಪ್ರಕಟವಾದವು. ಐವತ್ತಮೂರು ವರ್ಷಗಳ ಮೇಲೆ, ಆ ಕೋಣೆಗೆ ಅಗಲ ಬಂದಿತು. ಕೇಳುವಾಗ ಪಂಗಡ ಪಂಗಡಕ್ಕೆ ಉತ್ತರ ಕೊಡುವುದು ಒಂದು ಬದಿಯಿಂದ ಇನ್ನೊಂದು ಬದಿಗೆ ಆಗುತ್ತದೆ. ಪಿಯಾನೋ ಇದ್ದಲ್ಲೇ ಇರುತ್ತದೆ.

ವಾಚಕರಲ್ಲಿ ಸ್ಟೀರಿಯೋ ಗ್ರಾಮೊಫೋನ್ ಉಳ್ಳವರು ನಿಜವನ್ನೂ ಹುಸಿಯನ್ನೂ ಬೇರ್ಪಡಿಸುವ ಒಂದು ಪ್ರಯೋಗವನ್ನು ಮಾಡಬಹುದು. ಸ್ಟೀರಿಯೋ ಗೆರೆಯ ಎರಡು ಪಕ್ಕಗಳೂ ಒಂದಕ್ಕೊಂದು ಲಂಬವಾಗಿದ್ದು, ಒಂದೊಂದು ಪಕ್ಕ ಒಂದೊಂದು ಧಾರೆಯನ್ನು ಹೊರುತ್ತದೆ. ಮುಳ್ಳಿನ ತಲೆಯಲ್ಲಿರುವ ಎರಡು ಸುರುಳಿಗಳ ಪೈಕಿ ಒಂದರ ತಂತಿಗಳನ್ನು ಅದಲುಬದಲು ಮಾಡಿ ಎರಡನ್ನೂ ಕೂಡಿಸಿದರೆ, ಎರಡರಲ್ಲಿಯೂ ಸಮನಾಗಿರುವುದು ವಜಾ ಆಗಿ ಭೇದ ಮಾತ್ರ ಉಳಿಯುವುದು. ಹಳೆಯ ಒಂಟಿಧಾರೆಯ ತಟ್ಟೆಯನ್ನು ಹೀಗೆ ನುಡಿಸಿದರೆ ಸಂಗೀತ ಬಹುಮಟ್ಟಿಗೆ ಮಾಯವಾಗಿ ಧೂಳಿನ ಚಟಪಟ ಮಾತ್ರ ಕೇಳುತ್ತದೆ. ಇದನ್ನು ಮೊದಲ ಸಲ ಕೇಳಿದ ವಿದ್ಯಾರ್ಥಿಗಳು ಯಂತ್ರ ಕೆಟ್ಟಿತೆಂದೇ ತಿಳಿಯುತ್ತಾರೆ. ನಿಜವಾದ ಸ್ಟೀರಿಯೋ ತಟ್ಟೆಯಲ್ಲಿ ನಡುವೆ ನಿಂತವರು ಅಡಗಿ, ಪಕ್ಕದಲ್ಲಿ ಕುಳಿತವರು ಉಳಿಯುತ್ತಾರೆ. ನಾವು ಬಜಾರಿನಿಂದ ತಂದ ತಟ್ಟೆಯಲ್ಲಿ ಯಾರೂ ಅಡಗಲಿಲ್ಲ, ಯಾರೂ ಸರಿಯಾಗಿ ಉಳಿಯಲೂ ಇಲ್ಲ. ಇಡೀ ವೃಂದವೇ ತಗಡಿನ ಡಬ್ಬಿಯೊಳಗೆ ನುಡಿಸಿದಂತೆ ಕೇಳಿತು.

ಅಂದಿನಿಂದ ನಮಗೊಂದು ಅಭ್ಯಾಸ ಅಂಟಿದೆ. ಬಜಾರಿನಲ್ಲಿ ಈಗಾಗಲೇ ನಮ್ಮಲ್ಲಿರುವ ತಟ್ಟೆ ಮತ್ತೆ ಕಂಡರೂ ಬಿಟ್ಟುಬರುವುದಿಲ್ಲ; ಬಿಸಿಲಿಗೆ ಓರೆಯಾಗಿ ಹಿಡಿದು ಚೀಟಿಯ ಬಳಿಯ ಅಂಕಿಯನ್ನು ಓದುತ್ತೇವೆ. ಬೇರೆಯಾಗಿದ್ದರೆ ಕೊಳ್ಳುತ್ತೇವೆ. ಅಂಗಡಿಯವರು ಮೊದಮೊದಲು ನಗುತ್ತಿದ್ದರು. ಈಗ ಜೋಡಿ ಬಂದರೆ ತಾವೇ ತೆಗೆದಿಡುತ್ತಾರೆ, ಬೆಲೆಯನ್ನೂ ತುಸು ಏರಿಸುತ್ತಾರೆ. ಇದುವರೆಗೆ ಹನ್ನೊಂದು ಜೋಡಿಗಳಾಗಿವೆ. ಎಲ್ಲವನ್ನೂ ಹೋಲಿಸಿ ಕೇಳಿದ್ದೇವೆ. ಎರಡರಲ್ಲಿ ವಾದನವೇ ಬೇರೆ. ಉಳಿದವು ಅಕ್ಷರಶಃ ಒಂದೇ, ಗೀರುಗಳಷ್ಟೇ ಬೇರೆ.